ನಿಮ್ಮ ಊರಿನ ದಾಖಲೆ ಎಲ್ಲಿದೆ?



ಮೂರು ಪ್ರಶ್ನೆಗಳಿಂದ ಆರಂಭಿಸೋಣ. ನಿಮ್ಮ ಮನೆಯವರು ಉಳುತ್ತಿರುವ ಹೊಲ ಸರ್ಕಾರದ ಪುಸ್ತಕದಲ್ಲಿ ಯಾರ ಹೆಸರಿನಲ್ಲಿದೆ? ನಿಮ್ಮ ಗ್ರಾಮ ಪಂಚಾಯಿತಿ ಕಳೆದ ವರ್ಷ ಯಾವ ಕೆಲಸಕ್ಕೆ ಎಷ್ಟು ಹಣ ಖರ್ಚು ಮಾಡಿತು? ನಿಮ್ಮ ಶಾಲೆಯಲ್ಲಿ ಎಷ್ಟು ಶೌಚಾಲಯಗಳಿವೆ ಎಂದು ಶಿಕ್ಷಣ ಇಲಾಖೆಯ ಲೆಕ್ಕ ಹೇಳುತ್ತದೆ? ಮೂರಕ್ಕೂ ಉತ್ತರ ಬರಹದಲ್ಲಿದೆ. ಕಚೇರಿಗೆ ಹೋಗದೆ, ಯಾರನ್ನೂ ಅಂಗಲಾಚದೆ, ಅಂತರಜಾಲದಲ್ಲಿಯೇ ಅವುಗಳನ್ನು ನೋಡಬಹುದು. ಆದರೂ ನಮ್ಮಲ್ಲಿ ಬಹಳ ಮಂದಿ ನೋಡಿಲ್ಲ. ಕಾರಣ ಯಂತ್ರ ಇಲ್ಲವೆಂದಲ್ಲ; ಎಲ್ಲಿ, ಹೇಗೆ ಹುಡುಕಬೇಕೆಂದು ಯಾರೂ ಹೇಳಿಕೊಟ್ಟಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲ್ಲೂಕುಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ. ಬೇರೆ ತಾಲ್ಲೂಕಿನವರು ತಮ್ಮ ಊರಿನ ಹೆಸರು ಹಾಕಿಕೊಂಡು ಓದಬಹುದು.

ದಫ್ತರದ ಗಂಟಿನಿಂದ ಗಣಕಯಂತ್ರಕ್ಕೆ

ಮುಂಬಯಿ ಪ್ರಾಂತದ ಕಾಲದಲ್ಲಿ ಊರಿನ ಲೆಕ್ಕಪತ್ರ ಕುಲಕರ್ಣಿಯ ಕೈಯಲ್ಲಿತ್ತು. ಕಾಗದಗಳನ್ನು ಬಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದರು. ಆ ಗಂಟೇ ದಫ್ತರ. ಅದು ವಂಶಪಾರಂಪರ್ಯದ ಹುದ್ದೆ. ಗಂಟು ಬಿಚ್ಚಿದರೆ ಮಾತ್ರ ರೈತನಿಗೆ ತನ್ನ ಹೊಲದ ವಿಷಯ ತಿಳಿಯಬೇಕು. 1950ರಲ್ಲಿ ಮುಂಬಯಿ ಸರ್ಕಾರ ಕಾಯ್ದೆ ಮಾಡಿ ಕುಲಕರ್ಣಿ ವತನವನ್ನು ರದ್ದುಪಡಿಸಿತು. 1951ರಿಂದ ಅದು ಜಾರಿಗೆ ಬಂತು. ಸಂಬಳದ ತಲಾಟಿ ಬಂದರು. ಆದರೆ ಪುಸ್ತಕ ಮಾತ್ರ ಕೈಬರಹದ್ದೇ ಆಗಿತ್ತು, ಒಂದೇ ಪ್ರತಿ ಒಬ್ಬರ ಬಳಿಯೇ ಇತ್ತು.

ದೊಡ್ಡ ಬದಲಾವಣೆ ಬಂದದ್ದು ‘ಭೂಮಿ’ ಯೋಜನೆಯಿಂದ. 1990ರ ದಶಕದ ಕೊನೆಯಲ್ಲಿ ಕರ್ನಾಟಕ ಸರ್ಕಾರ ಸುಮಾರು 67 ಲಕ್ಷ ರೈತರಿಗೆ ಸೇರಿದ, ಸುಮಾರು 2 ಕೋಟಿ ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸುವ ಕೆಲಸವನ್ನು ಕೈಗೆತ್ತಿಕೊಂಡಿತು. ಒಂದೊಂದು ತಾಲ್ಲೂಕಿನ ಕೆಲಸ ಮುಗಿದಂತೆ ಅಲ್ಲಿ ಕೈಬರಹದ ಪಹಣಿಯ ಮಾನ್ಯತೆಯನ್ನು ತೆಗೆದುಹಾಕಲಾಯಿತು. ಮೊದಲು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸಿಗುತ್ತಿದ್ದ ಪಹಣಿ ಈಗ ಅಂಗೈಯ ಮೊಬೈಲಿನಲ್ಲಿ ಕಾಣುತ್ತದೆ. ನಮ್ಮ ಭಾಗದ ಹಿರಿಯರು ಪಹಣಿಯನ್ನು ‘ಉತಾರ’ ಎನ್ನುತ್ತಾರೆ. ಎರಡೂ ಒಂದೇ.

ಗಂಟು ಬಿಚ್ಚಿದೆ, ನಿಜ. ಆದರೆ ಗಂಟಿನೊಳಗಿನ ಕಾಗದವನ್ನು ಹುಡುಕಿ ಓದುವ ಕೆಲಸ ಇನ್ನೂ ನಮ್ಮದೇ.

ದಾಖಲೆಗೂ ಒಂದು ವಿಳಾಸ ಉಂಟು

ಹುಡುಕು ಯಂತ್ರದಲ್ಲಿ ಊರಿನ ಹೆಸರು, ಅಜ್ಜನ ಹೆಸರು ಬರೆದು ಗುಂಡಿ ಒತ್ತಿದರೆ ದಾಖಲೆ ಸಿಗುವುದಿಲ್ಲ. ಸಿನಿಮಾ ಹಾಡು ಸಿಕ್ಕಂತೆ ಸರ್ಕಾರಿ ಕಾಗದ ಸಿಗದು. ಏಕೆಂದರೆ ಸರ್ಕಾರ ಕಾಗದವನ್ನು ಹೆಸರಿನ ಕ್ರಮದಲ್ಲಿ ಇಟ್ಟಿಲ್ಲ. ಕಚೇರಿಯ ಕ್ರಮದಲ್ಲಿ ಇಟ್ಟಿದೆ. ಅಂಚೆಯವನಿಗೆ ಪೂರ್ಣ ವಿಳಾಸ ಬೇಕಾಗುವಂತೆ ನಿಮಗೆ ದಾಖಲೆಯ ವಿಳಾಸ ಬೇಕು. ಆ ವಿಳಾಸದಲ್ಲಿ ನಾಲ್ಕು ಸಾಲುಗಳಿವೆ:

ಒಂದು, ಇದನ್ನು ಬರೆದ ಕಚೇರಿ ಯಾವುದು? ಹೊಲದ ಹಕ್ಕು ಕಂದಾಯ ಇಲಾಖೆಯದು. ಖರೀದಿ ಪತ್ರ ನೋಂದಣಿ ಇಲಾಖೆಯದು. ಊರೊಳಗಿನ ಮನೆಯ ಉತಾರ ಗ್ರಾಮ ಪಂಚಾಯಿತಿಯದು.

ಎರಡು, ಆ ಕಚೇರಿಯ ಸೀಮೆ ಯಾವುದು? ಯಾವ ಜಿಲ್ಲೆ, ತಾಲ್ಲೂಕು, ಹೋಬಳಿ, ಪಂಚಾಯಿತಿ?

ಮೂರು, ಯಾವ ವರ್ಷದ ದಾಖಲೆ?

ನಾಲ್ಕು, ಅದರ ಅಂಕಿ ಏನು? ಸರ್ವೆ ನಂಬರೋ, ಖಾತೆ ನಂಬರೋ, ಅರ್ಜಿಯ ಸಂಖ್ಯೆಯೋ?

ಈ ನಾಲ್ಕನ್ನು ಕಾಗದದ ಮೇಲೆ ಬರೆದುಕೊಂಡು ಕುಳಿತವರಿಗೆ ಐದು ನಿಮಿಷದ ಕೆಲಸ. ಬರೆದುಕೊಳ್ಳದವರಿಗೆ ಐದು ದಿನದ ಅಲೆದಾಟ.

ಸೀಮೆ ಬದಲಾಯಿತು, ಹೆಸರೂ ಬದಲಾಯಿತು

ನಾಲ್ಕರಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಎರಡನೆಯ ಮತ್ತು ಮೂರನೆಯ ಸಾಲುಗಳಲ್ಲಿ. ಊರು ಇದ್ದಲ್ಲೇ ಇರುತ್ತದೆ. ಅದರ ಮೇಲಿನ ಗೆರೆಗಳು ಮಾತ್ರ ಬದಲಾಗುತ್ತಿರುತ್ತವೆ.

ಕಿತ್ತೂರನ್ನೇ ತೆಗೆದುಕೊಳ್ಳಿ. ಇಂದು ಅದು ಸ್ವತಂತ್ರ ತಾಲ್ಲೂಕು. ಆದರೆ 2011ರ ಜನಗಣತಿ ನಡೆದಾಗ ಕಿತ್ತೂರು ಬೈಲಹೊಂಗಲ ತಾಲ್ಲೂಕಿನ ಭಾಗವಾಗಿತ್ತು. ಆಗ ಬೆಳಗಾವಿ ಜಿಲ್ಲೆಯಲ್ಲಿ ಇದ್ದವು 10 ತಾಲ್ಲೂಕುಗಳು ಮಾತ್ರ. ಜಿಲ್ಲೆಯ ಜನಸಂಖ್ಯೆ 47,79,661. ಆದ್ದರಿಂದ ಕಿತ್ತೂರು ಕಡೆಯ ಒಂದು ಹಳ್ಳಿಯ 2011ರ ಜನಸಂಖ್ಯೆ ಬೇಕಾದವರು ಜನಗಣತಿಯ ತಾಣದಲ್ಲಿ ಕಿತ್ತೂರು ತಾಲ್ಲೂಕು ಎಂದು ಹುಡುಕಿದರೆ ಸಿಗದು. ಆಗಿನ ತಾಲ್ಲೂಕಿನ ಪಟ್ಟಿಯನ್ನು ತೆಗೆಯಬೇಕು. ಹಾಗೆಯೇ ಸವದತ್ತಿಯಿಂದ ಬೇರೆಯಾದ ಯರಗಟ್ಟಿಯ ಊರುಗಳ ಹಳೆಯ ಅಂಕಿಗಳು ಆಗಿನ ತಾಲ್ಲೂಕಿನ ಹೆಸರಿನಲ್ಲಿಯೇ ಇವೆ.

ಇನ್ನೂ ಹಿಂದಕ್ಕೆ ಹೋದರೆ ತಾಲ್ಲೂಕುಗಳ ಹೆಸರೇ ಬೇರೆ. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಬೆಳಗಾವಿ ಗ್ಯಾಸೆಟಿಯರನ್ನು ತೆರೆದು ನೋಡಿದರೆ ಬೈಲಹೊಂಗಲ ಎಂಬ ತಾಲ್ಲೂಕೂ ಸವದತ್ತಿ ಎಂಬ ತಾಲ್ಲೂಕೂ ಕಾಣುವುದಿಲ್ಲ. ಬೈಲಹೊಂಗಲ ಆಗ ಸಂಪಗಾಂವ ತಾಲ್ಲೂಕಿನಲ್ಲಿತ್ತು; ಮುಂದೆ ಆ ತಾಲ್ಲೂಕಿನ ಕಚೇರಿ ಇದ್ದ ಊರೂ ಬೈಲಹೊಂಗಲವೇ. ಸವದತ್ತಿಯ ಸೀಮೆ ಪರಸಗಡ ತಾಲ್ಲೂಕು ಎನಿಸಿತ್ತು. ‘ಪರಸಗಡ’ ಎಂಬ ಹೆಸರು ವಿಧಾನಸಭಾ ಕ್ಷೇತ್ರದ ಹೆಸರಾಗಿ 2008ರ ಕ್ಷೇತ್ರ ಪುನರ್ವಿಂಗಡಣೆಯವರೆಗೂ ಉಳಿದಿತ್ತು. ಆಮೇಲೆ ಅದು ಸವದತ್ತಿ ಯಲ್ಲಮ್ಮ ಕ್ಷೇತ್ರವಾಯಿತು.

ರಾಮದುರ್ಗದ ಕಥೆ ಮತ್ತೊಂದು ಬಗೆ. ಅದು 1948ರವರೆಗೆ ಬ್ರಿಟಿಷ್ ಬೆಳಗಾವಿ ಜಿಲ್ಲೆಯ ತಾಲ್ಲೂಕೇ ಆಗಿರಲಿಲ್ಲ. ಅದೊಂದು ಪ್ರತ್ಯೇಕ ಸಂಸ್ಥಾನ. ಇಂದಿನ ರಾಮದುರ್ಗ ತಾಲ್ಲೂಕಿನಲ್ಲಿರುವ ತೊರಗಲ್ಲು ಕೊಲ್ಹಾಪುರ ಸಂಸ್ಥಾನದ ಅಧೀನದ ಜಹಗೀರಾಗಿತ್ತು. ಒಂದೇ ತಾಲ್ಲೂಕಿನ ಎರಡು ಊರುಗಳ ಹಳೆಯ ಕಾಗದಗಳು ಎರಡು ಬೇರೆ ಬೇರೆ ಸಂಸ್ಥಾನಗಳ ದಫ್ತರಗಳಿಂದ ಬಂದಿರಬಹುದು ಎಂಬುದನ್ನು ಇದರಿಂದ ತಿಳಿಯಬೇಕು. ನಮ್ಮ ಭಾಗದ ಹಳೆಯ ಕಂದಾಯ ಪತ್ರಗಳಲ್ಲಿ ಅನೇಕವು ಮೋಡಿ ಲಿಪಿಯಲ್ಲಿವೆ ಎಂಬುದೂ ನೆನಪಿರಲಿ.

ಇನ್ನೊಂದು ಅಚ್ಚರಿಯ ಸಂಗತಿ ನೋಡಿ. ಕಿತ್ತೂರು ವಿಧಾನಸಭಾ ಕ್ಷೇತ್ರ ಬೆಳಗಾವಿ ಜಿಲ್ಲೆಯಲ್ಲಿದೆ. ಆದರೆ ಲೋಕಸಭೆಗೆ ಅದು ಉತ್ತರ ಕನ್ನಡ ಕ್ಷೇತ್ರಕ್ಕೆ ಸೇರಿದೆ. ಬೈಲಹೊಂಗಲ, ಸವದತ್ತಿ ಯಲ್ಲಮ್ಮ, ರಾಮದುರ್ಗ ಇವು ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿವೆ. ಸಂಸದರ ಪ್ರದೇಶಾಭಿವೃದ್ಧಿ ನಿಧಿಯಿಂದ ಕಿತ್ತೂರಿಗೆ ಏನು ಬಂತೆಂದು ತಿಳಿಯಬೇಕಾದ ವಿದ್ಯಾರ್ಥಿ ಬೆಳಗಾವಿಯ ಪಟ್ಟಿಯನ್ನು ಎಷ್ಟು ತಡಕಿದರೂ ಸಿಗದು. ಉತ್ತರ ಕನ್ನಡ ಸಂಸದರ ಪಟ್ಟಿಯನ್ನು ನೋಡಬೇಕು. ಇಲಾಖೆಗೊಂದು ಸೀಮೆ ಎಂದರೆ ಇದೇ.

ಕಾಗುಣಿತದ ತೊಡಕೂ ಒಂದಿದೆ. ಆಂಗ್ಲ ಅಕ್ಷರಗಳಲ್ಲಿ ಬರೆಯುವಾಗ ಒಂದು ತಾಣ ‘ಸವದತ್ತಿ’ ಎಂದರೆ ಮತ್ತೊಂದು ‘ಸೌಂದತ್ತಿ’ ಎನ್ನುತ್ತದೆ. ಕಿತ್ತೂರು ಒಂದು ಪಟ್ಟಿಯಲ್ಲಿ ‘ಕ’ ಅಕ್ಷರದಡಿ ಇದ್ದರೆ ಇನ್ನೊಂದರಲ್ಲಿ ‘ಚನ್ನಮ್ಮನ ಕಿತ್ತೂರು’ ಎಂದು ‘ಚ’ ಅಕ್ಷರದಡಿ ಕುಳಿತಿರುತ್ತದೆ. 2014ರ ನವೆಂಬರ್ 1ಕ್ಕಿಂತ ಹಿಂದಿನ ಆಂಗ್ಲ ಕಡತಗಳಲ್ಲಿ ಜಿಲ್ಲೆಯ ಹೆಸರು ‘ಬೆಳಗಾಂ’ ಎಂದೇ ಇರುತ್ತದೆ. ಹೆಸರು ಸಿಗಲಿಲ್ಲವೆಂದು ದಾಖಲೆಯೇ ಇಲ್ಲವೆಂದು ತೀರ್ಮಾನಿಸಬೇಡಿ. ಬೇರೆ ಕಾಗುಣಿತ ಹಾಕಿ ನೋಡಿ. ಈ ಗೊಂದಲ ತಪ್ಪಿಸಲೆಂದೇ ಕೇಂದ್ರ ಸರ್ಕಾರ ‘ಸ್ಥಳೀಯ ಸರ್ಕಾರಗಳ ಡೈರೆಕ್ಟರಿ’ ಎಂಬ ತಾಣದಲ್ಲಿ ಪ್ರತಿ ಗ್ರಾಮಕ್ಕೂ ಪ್ರತಿ ಪಂಚಾಯಿತಿಗೂ ಒಂದೊಂದು ಸಂಕೇತ ಸಂಖ್ಯೆ ಕೊಟ್ಟಿದೆ. ನಿಮ್ಮ ಊರಿನ ಸಂಖ್ಯೆಯನ್ನು ಒಮ್ಮೆ ಬರೆದಿಟ್ಟುಕೊಂಡರೆ ಕಾಗುಣಿತದ ಜಗಳ ಮುಗಿಯಿತು.

ಉತಾರ ಓದುವ ಬಗೆ

ಈಗ ಒಂದು ದಾಖಲೆಯನ್ನು ನಿಜವಾಗಿ ತೆರೆಯೋಣ. ಕಂದಾಯ ಇಲಾಖೆಯ ‘ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ತಾಣಕ್ಕೆ ಹೋಗಿ ಆರ್‌ಟಿಸಿ ವೀಕ್ಷಣೆಯನ್ನು ಆರಿಸಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಒಂದರ ಕೆಳಗೊಂದು ಕಟ್ಟುಗಳು ಬರುತ್ತವೆ. ನಂತರ ಸರ್ವೆ ನಂಬರು. ಆಮೇಲೆ ‘ಸರ್ನಾಕ್’ ಎಂಬ ಕಟ್ಟು. ಇಲ್ಲಿ ಸಾಮಾನ್ಯವಾಗಿ ನಕ್ಷತ್ರದ ಗುರುತು ಮಾತ್ರ ಇರುತ್ತದೆ, ಅದನ್ನೇ ಆರಿಸಿ. ಕೊನೆಗೆ ಹಿಸ್ಸಾ, ಅವಧಿ, ವರ್ಷ. ನೋಡುವುದಕ್ಕೆ ಹಣ ಕೊಡಬೇಕಾಗಿಲ್ಲ. ಬ್ಯಾಂಕಿಗೋ ನ್ಯಾಯಾಲಯಕ್ಕೋ ಕೊಡಬೇಕಾದರೆ ಮಾತ್ರ ಶುಲ್ಕ ಕಟ್ಟಿ ದೃಢೀಕೃತ ಪ್ರತಿ ಪಡೆಯಬೇಕು.

ಪಹಣಿ ತೆರೆದಾಗ ಕಣ್ಣು ಕತ್ತಲೆ ಬರುವಷ್ಟು ಕಲಂಗಳಿರುತ್ತವೆ. ನಾಲ್ಕನ್ನು ಮೊದಲು ಕಲಿಯಿರಿ. 3ನೆಯ ಕಲಂನಲ್ಲಿ ವಿಸ್ತೀರ್ಣ. 9ನೆಯ ಕಲಂನಲ್ಲಿ ಹಕ್ಕುದಾರರ ಹೆಸರು ಮತ್ತು ಖಾತೆ ಸಂಖ್ಯೆ. 10ನೆಯ ಕಲಂನಲ್ಲಿ ಆ ಹಕ್ಕು ಹೇಗೆ ಬಂತು ಎಂಬ ವಿವರ: ವಾರಸಾ, ಖರೀದಿ, ವಾಟ್ನಿ ಇತ್ಯಾದಿ, ಅದರ ಮ್ಯುಟೇಶನ್ ಸಂಖ್ಯೆಯೊಡನೆ. 11ನೆಯ ಕಲಂನಲ್ಲಿ ಇತರ ಹಕ್ಕುಗಳು ಮತ್ತು ಋಣಗಳು. ಸೊಸೈಟಿಯ ಅಥವಾ ಬ್ಯಾಂಕಿನ ಸಾಲದ ಬೋಜಾ ಇಲ್ಲಿ ಕಾಣುತ್ತದೆ.

ವಿಸ್ತೀರ್ಣವನ್ನು ದಶಮಾಂಶವೆಂದು ಓದಬೇಡಿ. 3-20-00 ಎಂದಿದ್ದರೆ 3 ಎಕರೆ 20 ಗುಂಟೆ. 40 ಗುಂಟೆಗೆ 1 ಎಕರೆ, 16 ಆಣೆಗೆ 1 ಗುಂಟೆ. ಆದ್ದರಿಂದ ಅದು ಮೂರೂವರೆ ಎಕರೆ. ಮೂರು ಎಕರೆ ಮೇಲೆ ಐದನೆಯ ಒಂದು ಪಾಲಲ್ಲ. ಲೆಕ್ಕದಲ್ಲಿ ಜಾಣರಾದವರೂ ಇಲ್ಲಿ ತಪ್ಪುವುದುಂಟು.

ಹೊಲ ಎಲ್ಲಿದೆಯೆಂದು ನೋಡಲು ಅದೇ ತಾಣದಲ್ಲಿ ಗ್ರಾಮ ನಕ್ಷೆ ಸಿಗುತ್ತದೆ. ‘ದಿಶಾಂಕ್’ ಎಂಬ ಮೊಬೈಲ್ ತಂತ್ರಾಂಶವನ್ನು ತೆರೆದು ಹೊಲದಲ್ಲಿ ನಿಂತರೆ ನೀವು ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಆದರೆ ಬದುವಿನ ತಂಟೆಯನ್ನು ಅದರಿಂದ ತೀರಿಸಿಕೊಳ್ಳಲು ಹೋಗಬಾರದು. ಅದಕ್ಕೆ ಭೂಮಾಪಕರ ಅಳತೆಯೇ ಬೇಕು.

ಗತಿಸಿದವರ ಹೆಸರಿನ ಹೊಲ

ಉತಾರ ಓದುವುದು ಪರೀಕ್ಷೆಯ ಅಂಕಕ್ಕಾಗಿ ಅಲ್ಲ. ಅದರಲ್ಲಿ ಒಂದು ಕುಟುಂಬದ ಅನ್ನ ಅಡಗಿರುತ್ತದೆ. ಹೇಗೆಂದು ನೋಡಿ.

ಅಜ್ಜ ತೀರಿಕೊಂಡು ಹತ್ತು ಹದಿನೈದು ವರ್ಷವಾಗಿರುತ್ತದೆ. ಹೊಲವನ್ನು ಅಪ್ಪ, ಚಿಕ್ಕಪ್ಪ ಉಳುತ್ತಿರುತ್ತಾರೆ. ಮನೆಯಲ್ಲಿ ಜಗಳವೂ ಇಲ್ಲ. ಆದರೆ 9ನೆಯ ಕಲಂನಲ್ಲಿ ಅಜ್ಜನ ಹೆಸರೇ ಇದೆ. ವಾರಸಾ ಮಾಡಿಸಿದರಾಯಿತು ಎಂದು ಎಲ್ಲರೂ ಅಂದುಕೊಂಡಿರುತ್ತಾರೆ, ಯಾರೂ ಮಾಡಿಸಿರುವುದಿಲ್ಲ. ಒಂದು ವರ್ಷ ಮಲಪ್ರಭೆ ಉಕ್ಕಿ ಹೊಲ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲಿ ರಾಮದುರ್ಗ ಪಟ್ಟಣ ಮತ್ತು ಹೊಳೆದಂಡೆಯ ಊರುಗಳು ಆ ನೀರನ್ನು ಕಂಡಿವೆ. ಇಂದು ಬೆಳೆಹಾನಿ ಪರಿಹಾರ ಕೈಗೆ ಬರುವುದಿಲ್ಲ. ರೈತನ ನೋಂದಣಿ ಸಂಖ್ಯೆಯ ಮೂಲಕ ಬ್ಯಾಂಕ್ ಖಾತೆಗೆ ಬರುತ್ತದೆ. ‘ಫ್ರೂಟ್ಸ್’ ಎಂಬ ಆ ನೋಂದಣಿಗೆ ಆಧಾರ ಉತಾರದ ಹೆಸರು. ತೀರಿಹೋದವರಿಗೆ ನೋಂದಣಿ ಇಲ್ಲ, ಖಾತೆ ಇಲ್ಲ. ಬೆಳೆ ಹೋದದ್ದು ನಿಜ, ಉತ್ತವರು ಇದ್ದಾರೆ, ಹಣವೂ ಮಂಜೂರಾಗುತ್ತದೆ. ಆದರೆ ಆ ಮನೆಗೆ ಬಾರದು. ಅಡ್ಡ ನಿಂತದ್ದು ಒಂದು ಕಲಂ.

ಇದನ್ನು ಸರಿಪಡಿಸುವ ವಿಧಾನಕ್ಕೆ ಪೌತಿ ಖಾತೆ ಎಂದು ಹೆಸರು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಡನೆ ಅರ್ಜಿ ಕೊಟ್ಟರೆ ಮ್ಯುಟೇಶನ್ ನಡೆದು ವಾರಸುದಾರರ ಹೆಸರು ಏರುತ್ತದೆ. ಅದರ ಹಂತಗಳನ್ನೂ ಭೂಮಿ ತಾಣದಲ್ಲಿ ನೋಡಬಹುದು. ತಪ್ಪು ನಮೂದಾಗಿದೆ ಎನಿಸಿದರೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಪ್ರಕಾರ ಉಪವಿಭಾಗಾಧಿಕಾರಿಗಳ ಬಳಿ ಮೇಲ್ಮನವಿ ಹೋಗುತ್ತದೆ. ನಮ್ಮ ಈ ತಾಲ್ಲೂಕುಗಳಿಗೆ ಆ ಕಚೇರಿ ಬೈಲಹೊಂಗಲದಲ್ಲಿದೆ.

ವಿದ್ಯಾರ್ಥಿನಿಯರು ಇನ್ನೊಂದು ಮಾತನ್ನು ಗಮನಿಸಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಇದೆ; ಮದುವೆಯಾದರೂ ಅದು ಹೋಗುವುದಿಲ್ಲ. ವಾರಸಾ ಮಾಡಿಸುವಾಗ ಅತ್ತೆಯರ, ಅಕ್ಕತಂಗಿಯರ ಹೆಸರು ವಂಶವೃಕ್ಷದಲ್ಲಿ ಇದೆಯೇ ಎಂದು ನೋಡಿ. ಹಕ್ಕು ಬಿಡುವುದು ಬಿಡದಿರುವುದು ಅವರವರ ಇಚ್ಛೆ. ಆದರೆ ಬಿಡುವ ಮೊದಲು ಏನನ್ನು ಬಿಡುತ್ತಿದ್ದೇವೆಂದು ಅವರಿಗೆ ತಿಳಿದಿರಬೇಕು. ಸಹಿ ಮಾಡುವ ಮುನ್ನ ಓದಿ ಹೇಳುವವರು ಮನೆಯಲ್ಲಿ ನೀವೇ ತಾನೆ?

ಪಂಚಾಯಿತಿಯ ಲೆಕ್ಕ, ಶಾಲೆಯ ಲೆಕ್ಕ

ಹೊಲದಿಂದ ಊರೊಳಗೆ ಬರೋಣ. ಹಳ್ಳಿಯ ಮನೆ, ನಿವೇಶನಗಳ ದಾಖಲೆ ‘ಇ-ಸ್ವತ್ತು’ ತಂತ್ರಾಂಶದಲ್ಲಿದೆ. ನಮೂನೆ 9 ಮತ್ತು 11 ಎಂಬ ಕಾಗದಗಳು ಅಲ್ಲಿಂದಲೇ ಬರುತ್ತವೆ. ಪಂಚಾಯಿತಿಯ ವಾರ್ಷಿಕ ಯೋಜನೆ ಮತ್ತು ಖರ್ಚು 2020ರಲ್ಲಿ ಆರಂಭವಾದ ‘ಇ-ಗ್ರಾಮ್‌ಸ್ವರಾಜ್’ ತಾಣದಲ್ಲಿ ಕಾಣುತ್ತದೆ. ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ವರ್ಷ ಆರಿಸಿದರೆ ಯಾವ ಕೆಲಸಕ್ಕೆ ಎಷ್ಟು ಹಣ ಎಂಬ ಪಟ್ಟಿ ಬರುತ್ತದೆ. ಗಟಾರ ಎಂದು ಬರೆದಿದ್ದರೆ ಆ ಗಟಾರ ಎಲ್ಲಿದೆಯೆಂದು ನಡೆದು ಹೋಗಿ ನೋಡಬಹುದು. ಕೆಲಸ ಚೆನ್ನಾಗಿ ಆಗಿದ್ದರೆ ಸಂತೋಷ. ಅನುಮಾನವಿದ್ದರೆ ಪ್ರಶ್ನೆ ಕೇಳುವ ಸ್ಥಳ ಗ್ರಾಮಸಭೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಪಟ್ಟಿಯ ಪ್ರತಿ ಕೈಯಲ್ಲಿದ್ದವರ ಪ್ರಶ್ನೆಗೂ ಗಾಳಿಮಾತಿನ ಪ್ರಶ್ನೆಗೂ ಬಹಳ ಅಂತರ.

ಪಟ್ಟಣದ ವಿದ್ಯಾರ್ಥಿಗಳಿಗೆ ಕಚೇರಿ ಬೇರೆ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ಪುರಸಭೆ, ಕಿತ್ತೂರಿನಲ್ಲಿ ಪಟ್ಟಣ ಪಂಚಾಯಿತಿ. ಪಟ್ಟಣದ ಆಸ್ತಿಯ ದಾಖಲೆ ‘ಇ-ಆಸ್ತಿ’ಯಲ್ಲಿ ಇರುತ್ತದೆ, ‘ಇ-ಸ್ವತ್ತು’ವಿನಲ್ಲಲ್ಲ.

ನೀವೇ ಸಾಕ್ಷಿಗಳಾಗಿರುವ ದಾಖಲೆ ಒಂದಿದೆ: ನಿಮ್ಮ ಶಾಲೆಯದು. ದೇಶದ ಪ್ರತಿ ಶಾಲೆಗೂ 11 ಅಂಕಿಗಳ ‘ಯುಡೈಸ್’ ಸಂಖ್ಯೆ ಇದೆ. ಕರ್ನಾಟಕದ ಶಾಲೆಗಳದ್ದು 29ರಿಂದ ಆರಂಭವಾಗುತ್ತದೆ. ಯುಡೈಸ್ ಪ್ಲಸ್ ತಾಣದ ‘ನಿಮ್ಮ ಶಾಲೆಯನ್ನು ತಿಳಿಯಿರಿ’ ಎಂಬ ಭಾಗದಲ್ಲಿ ಆ ಸಂಖ್ಯೆ ಕೊಟ್ಟರೆ ಕೊಠಡಿ, ಶಿಕ್ಷಕರು, ಕುಡಿಯುವ ನೀರು, ಶೌಚಾಲಯ, ಗ್ರಂಥಾಲಯ ಇವುಗಳ ವಿವರ ಬರುತ್ತದೆ. ತಾಣದಲ್ಲಿರುವುದೂ ಕಣ್ಣಿಗೆ ಕಾಣುವುದೂ ಒಂದೇ ಆಗಿದೆಯೇ ಎಂದು ಹೋಲಿಸಿ. ವ್ಯತ್ಯಾಸವಿದ್ದರೆ ವಿನಯದಿಂದ ಮುಖ್ಯೋಪಾಧ್ಯಾಯರ ಗಮನಕ್ಕೆ ತನ್ನಿ. ಇಲಾಖೆಯ ಯೋಜನೆ ತಯಾರಾಗುವುದು ಈ ಅಂಕಿಗಳಿಂದಲೇ. ಪುಸ್ತಕದಲ್ಲಿ ನಲ್ಲಿ ಇದ್ದರೆ ಶಾಲೆಗೆ ಹೊಸ ನಲ್ಲಿ ಬಾರದು! ಮೇಲಿನ ಕಚೇರಿಗೆ ಬರೆಯುವವರು ಇಲ್ಲಿಯೂ ಸೀಮೆ ನೋಡಬೇಕು: ಬೆಳಗಾವಿ ಕಂದಾಯ ಜಿಲ್ಲೆಯಲ್ಲಿ ಬೆಳಗಾವಿ, ಚಿಕ್ಕೋಡಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ನಮ್ಮ ನಾಲ್ಕೂ ತಾಲ್ಲೂಕುಗಳು ಬೆಳಗಾವಿ ಶೈಕ್ಷಣಿಕ ಜಿಲ್ಲೆಯವು.

ನಿಮ್ಮದೇ ಕಾಗದಗಳು

ವಿದ್ಯಾರ್ಥಿವೇತನದ ಅರ್ಜಿ ತುಂಬಿದವರಿಗೆಲ್ಲ ‘ಆರ್‌ಡಿ’ ಸಂಖ್ಯೆಯ ಪರಿಚಯವಿದೆ. ನಾಡಕಚೇರಿ ಕೊಡುವ ಜಾತಿ, ಆದಾಯ ಪ್ರಮಾಣಪತ್ರಗಳ ಮೇಲೆ ಮುದ್ರಿತವಾಗಿರುವ ಸಂಖ್ಯೆ ಅದು. ನಾಡಕಚೇರಿಯ ತಾಣದಲ್ಲಿ ಆ ಸಂಖ್ಯೆ ಹಾಕಿ ಪ್ರಮಾಣಪತ್ರ ಸರಿಯಾಗಿದೆಯೇ ಎಂದು ನೋಡಬಹುದು. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ ಇದೆ. ಅರ್ಜಿಯ ಕೊನೆಯ ದಿನ ಸಮೀಪಿಸಿದಾಗ ಅವಧಿ ಮುಗಿದದ್ದು ಗೊತ್ತಾಗಿ ಓಡಾಡುವ ಬದಲು ಜೂನ್ ತಿಂಗಳಲ್ಲಿಯೇ ದಿನಾಂಕ ನೋಡಿಕೊಳ್ಳಿ. ಶಾಲೆಯ ದಾಖಲೆ, ಆಧಾರ್, ಪ್ರಮಾಣಪತ್ರ ಮೂರರಲ್ಲೂ ಹೆಸರಿನ ಅಕ್ಷರಗಳು ಒಂದೇ ಆಗಿವೆಯೇ ಎಂಬುದನ್ನೂ ನೋಡಿ.

ಅರ್ಜಿ ಕೊಟ್ಟ ಮೇಲೆ ‘ನಾಳೆ ಬಾ’ ಎನ್ನಿಸಿಕೊಳ್ಳಬೇಕಾಗಿಲ್ಲ. ಕರ್ನಾಟಕದಲ್ಲಿ 2011ರ ಸಕಾಲ ಕಾಯ್ದೆ ಇದೆ. 2012ರ ಏಪ್ರಿಲ್‌ನಿಂದ ರಾಜ್ಯವ್ಯಾಪಿ ಜಾರಿಯಲ್ಲಿದೆ. ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ದಿನಗಳ ಗಡುವಿದೆ. ಅರ್ಜಿ ಕೊಟ್ಟಾಗ 15 ಅಂಕಿಗಳ ಸಕಾಲ ಸಂಖ್ಯೆ ಕೇಳಿ ಪಡೆಯಿರಿ. ಅದರಿಂದ ಅರ್ಜಿ ಎಲ್ಲಿ ನಿಂತಿದೆಯೆಂದು ತಿಳಿಯುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರಕ್ಕೆ ಅವಕಾಶವಿದೆ. ಮೊತ್ತ ಸಣ್ಣದು, ಆದರೆ ತಡ ಮಾಡಿದವರ ಹೆಸರು ದಾಖಲೆಗೆ ಬರುವುದು ಸಣ್ಣ ಸಂಗತಿಯಲ್ಲ.

ತಾಣದಲ್ಲಿ ಇಲ್ಲದಿದ್ದರೆ?

ಎಲ್ಲವೂ ಅಂತರಜಾಲಕ್ಕೆ ಬಂದಿಲ್ಲ. ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿರುವ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆ 2024ರಲ್ಲಿ ಆರಂಭವಾಯಿತು. ಸ್ಕ್ಯಾನ್ ಆಗದ ಕಾಗದಕ್ಕೆ ಕಚೇರಿಗೇ ಅರ್ಜಿ ಕೊಡಬೇಕು.

ಅಲ್ಲಿ ನಿಮ್ಮ ನೆರವಿಗೆ ಬರುವುದು ಮಾಹಿತಿ ಹಕ್ಕು ಕಾಯ್ದೆ, 2005. ಅದರ 4(1)(ಬಿ) ಕಲಂ ಪ್ರಕಾರ ಪ್ರತಿ ಸಾರ್ವಜನಿಕ ಕಚೇರಿ ತನ್ನ ಕರ್ತವ್ಯ, ಸಿಬ್ಬಂದಿ, ಸಂಬಳ, ಬಜೆಟ್, ಸಹಾಯಧನದ ಫಲಾನುಭವಿಗಳು ಮುಂತಾದ 17 ಬಗೆಯ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಆದ್ದರಿಂದ ಮೊದಲು ಆ ಪ್ರಕಟಣೆಯನ್ನು ನೋಡಿ. ಅಲ್ಲಿ ಇಲ್ಲದಿದ್ದರೆ 10 ರೂಪಾಯಿ ಶುಲ್ಕದೊಡನೆ, ಕನ್ನಡದಲ್ಲಿಯೇ ಅರ್ಜಿ ಬರೆಯಿರಿ. ಏಕೆ ಬೇಕೆಂದು ಕಾರಣ ಹೇಳಬೇಕಾಗಿಲ್ಲ. ಕಾಯ್ದೆ ‘ನಾಗರಿಕ’ ಎನ್ನುತ್ತದೆಯೇ ಹೊರತು ವಯಸ್ಸಿನ ಮಾತೆತ್ತಿಲ್ಲ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. 30 ದಿನಗಳಲ್ಲಿ ಉತ್ತರ ಬರಬೇಕು. ತಪ್ಪು ಕಚೇರಿಗೆ ಕೊಟ್ಟಿದ್ದರೆ ಅವರೇ 5 ದಿನಗಳಲ್ಲಿ ಸರಿಯಾದ ಕಚೇರಿಗೆ ಕಳಿಸಬೇಕು. ಉತ್ತರ ಬಾರದಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ. ಅದೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗ.

ಅರ್ಜಿಯಲ್ಲಿ ದಾಖಲೆಯ ಹೆಸರು, ವರ್ಷ, ಅಂಕಿ ಸ್ಪಷ್ಟವಾಗಿರಲಿ. ‘ರಸ್ತೆ ಏಕೆ ಕೆಟ್ಟಿದೆ?’ ಎಂದರೆ ಉತ್ತರ ಬಾರದು, ಅದು ದೂರು. ‘ಈ ರಸ್ತೆಯ ಕಾಮಗಾರಿಯ ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ ಪ್ರತಿ ಕೊಡಿ’ ಎಂದರೆ ಅದು ಮಾಹಿತಿಯ ಕೋರಿಕೆ. ಮೇಲೆ ಹೇಳಿದ ನಾಲ್ಕು ಸಾಲಿನ ವಿಳಾಸ ಇಲ್ಲಿಯೂ ಬೇಕು.

ಸ್ಥಳೀಯ ಚರಿತ್ರೆಯ ಯೋಜನಾ ಕಾರ್ಯ ಮಾಡುವವರಿಗೆ ಇನ್ನೂ ಕೆಲವು ಬಾಗಿಲುಗಳಿವೆ. 1884ರ ಮತ್ತು 1987ರ ಬೆಳಗಾವಿ ಗ್ಯಾಸೆಟಿಯರುಗಳು ಅಂತರಜಾಲದಲ್ಲಿ ಓದಲು ಸಿಗುತ್ತವೆ. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ಕಂಪನಿ ಸರ್ಕಾರದ ಕಾಲದ ಕಡತಗಳ ಪಟ್ಟಿಯನ್ನು ಹುಡುಕಬಹುದು. 1824ರ ಕಿತ್ತೂರಿನ ಹೋರಾಟವನ್ನು ಬರೆಯಹೊರಟವರು ನೆನಪಿಡಬೇಕಾದ ಮಾತು: ಅಂದು ಕಿತ್ತೂರು ವ್ಯವಹರಿಸಿದ್ದು ಧಾರವಾಡದ ಕಲೆಕ್ಟರ್ ಥ್ಯಾಕರೆಯೊಡನೆ. ಆದ್ದರಿಂದ ಆ ಕಾಗದಗಳನ್ನು ಬೆಳಗಾವಿಯಲ್ಲಲ್ಲ, ಧಾರವಾಡದ ಹೆಸರಿನಲ್ಲಿಯೂ ಮುಂಬಯಿ ಸರ್ಕಾರದ ಹೆಸರಿನಲ್ಲಿಯೂ ಹುಡುಕಬೇಕು.

ಎಚ್ಚರಿಕೆಯ ಮಾತು

ಸರ್ಕಾರಿ ತಾಣಗಳ ವಿಳಾಸ ಹೆಚ್ಚಾಗಿ ‘ಜಿಒವಿ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಎಂದು ಮುಗಿಯುತ್ತದೆ. ಅದೇ ಬಣ್ಣ, ಅದೇ ಲಾಂಛನ ಹಾಕಿಕೊಂಡ ನಕಲಿ ತಾಣಗಳು ಬಹಳ. ಉಚಿತವಾಗಿ ನೋಡಬಹುದಾದ ದಾಖಲೆಗೆ ಹಣ ಕೇಳಿದರೆ ಅಲ್ಲಿಯೇ ನಿಲ್ಲಿಸಿ. ಮೊಬೈಲಿಗೆ ಬಂದ ಓಟಿಪಿಯನ್ನು ಯಾರಿಗೂ ಹೇಳಬೇಡಿ. ಸೈಬರ್ ಕೇಂದ್ರದಲ್ಲಿ ಕೆಲಸ ಮಾಡಿದರೆ ಇಳಿಸಿಕೊಂಡ ಕಾಗದವನ್ನು ಅಳಿಸಿ ಬನ್ನಿ.

ಇನ್ನೊಂದು ಮರ್ಯಾದೆಯ ಪ್ರಶ್ನೆ. ಉತಾರ ಎಲ್ಲರಿಗೂ ತೆರೆದಿದೆ ಎಂದು ನೆರೆಯವರ ಸಾಲವನ್ನು ಕಟ್ಟೆಯ ಮೇಲೆ ಕುಳಿತು ಓದುವುದು ವಿದ್ಯೆಯಲ್ಲ. ಸಾರ್ವಜನಿಕ ಹಣದ ಲೆಕ್ಕ ಕೇಳಿ. ಇನ್ನೊಬ್ಬರ ಖಾಸಗಿ ಬದುಕನ್ನು ಬಿಟ್ಟುಬಿಡಿ.

ನೀವು ಮಾಡಬಹುದಾದ ಕೆಲಸ

ಒಂದು ನೂರು ಪುಟದ ನೋಟುಬುಕ್ಕು ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ಊರಿನ ಹೆಸರು, ಅದರ ಬೇರೆ ಬೇರೆ ಕಾಗುಣಿತಗಳು, ಡೈರೆಕ್ಟರಿಯ ಸಂಕೇತ ಸಂಖ್ಯೆ, ಹೋಬಳಿ, ಇಂದಿನ ತಾಲ್ಲೂಕು, 2011ರ ತಾಲ್ಲೂಕು, 1884ರ ತಾಲ್ಲೂಕು ಅಥವಾ ಸಂಸ್ಥಾನ, ವಿಧಾನಸಭಾ ಮತ್ತು ಲೋಕಸಭಾ ಕ್ಷೇತ್ರ ಬರೆಯಿರಿ. ಎರಡನೆಯದರಲ್ಲಿ ಮನೆಯ ಹೊಲಗಳ ಸರ್ವೆ ನಂಬರು, 9ನೆಯ ಕಲಂನಲ್ಲಿರುವ ಹೆಸರು, ಆ ಹೆಸರಿನವರು ಬದುಕಿದ್ದಾರೆಯೇ ಎಂಬ ಟಿಪ್ಪಣಿ. ಮೂರನೆಯದರಲ್ಲಿ ಪಂಚಾಯಿತಿಯ ಒಂದು ವರ್ಷದ ಐದು ಕಾಮಗಾರಿಗಳು, ಅವುಗಳ ಮೊತ್ತ, ನೀವು ಹೋಗಿ ನೋಡಿದ ದಿನಾಂಕ. ನಾಲ್ಕನೆಯದರಲ್ಲಿ ಶಾಲೆಯ ಲೆಕ್ಕ. ಪ್ರತಿ ಮಾಹಿತಿಯ ಪಕ್ಕದಲ್ಲಿ ಅದನ್ನು ಯಾವ ತಾಣದಲ್ಲಿ, ಯಾವ ದಿನ ನೋಡಿದಿರೆಂದು ಬರೆಯಿರಿ, ತಾಣಗಳು ಬದಲಾಗುತ್ತಿರುತ್ತವೆ.

ಒಂದು ತರಗತಿಯ ನಲವತ್ತು ವಿದ್ಯಾರ್ಥಿಗಳು ಹೀಗೆ ಮಾಡಿದರೆ ಎಷ್ಟು ಊರುಗಳ ವಿವರ ಸೇರುತ್ತದೆಂದು ಲೆಕ್ಕ ಹಾಕಿ. ಎರಡನೆಯ ಪುಟದಲ್ಲಿ ತೀರಿಹೋದವರ ಹೆಸರು ಕಂಡರೆ ನೋಟುಬುಕ್ಕನ್ನು ಮುಚ್ಚಿಡಬೇಡಿ. ಅಂದೇ ಮನೆಯ ಹಿರಿಯರೊಡನೆ ಕುಳಿತು ಮಾತನಾಡಿ. ಮುಂದಿನ ಮಳೆಗಾಲ ಬರುವ ಮೊದಲು ಆ ಒಂದು ಕಲಂ ಸರಿಯಾಗಲಿ.